ಕಣಿಗೆ ಇಳಿದವನು

ನಮಗೆ ಹೊಡೆಯುವುದಕ್ಕೂ ಅವರು ಕೋಲು ಹುಡುಕುತ್ತಾರೆ. ಕೈಯಲ್ಲಿ ಹೊಡೆದರೆ ಮೈಲಿಗೆ. ಹಾಗಾಗಿ ನನಗೆ ಮೂವತ್ತು ವರ್ಷ ಆಗುವವರೆಗೆ ನಮ್ಮವರಲ್ಲದ ಯಾರ ಕೈಯೂ ನನ್ನ ಮೈಯನ್ನು ಮುಟ್ಟಿರಲಿಲ್ಲ. ಪೆಟ್ಟಿಗೂ ಇಲ್ಲ, ಪ್ರೀತಿಗೂ ಇಲ್ಲ.

ನಾವು ಕೊರಗರು. ನನ್ನ ಹೆಸರು ಮಾಂಕು, ಗುರುವನ ಹೆಂಡತಿ. ಪುಂಜಾಲಕಟ್ಟೆಯಿಂದ ಒಳಗೆ, ಗುತ್ತು ಎಂಬ ದೊಡ್ಡ ಮನೆಯ ಭೋಜ ಧಣಿಗಳ ಗುಡ್ಡದ ಬದಿಯಲ್ಲಿ ನಮ್ಮ ಕೊಪ್ಪ. ಕೊಪ್ಪ ಅಂದರೆ ಏಳು ಸೊಪ್ಪಿನ ಗುಡಿಸಲು, ಅಷ್ಟೇ. ಕಾಡಿನಿಂದ ಬೀಳು ಬಳ್ಳಿ ತಂದು ಬುಟ್ಟಿ ನೇಯುವುದು, ಧಣಿಗಳ ಗದ್ದೆಯಲ್ಲಿ ದುಡಿಯುವುದು, ಸತ್ತ ದನ ಎಳೆಯುವುದು, ಕರೆದಲ್ಲಿ ಹೋಗಿ ಡೋಲು ಬಡಿಯುವುದು. ನಾನು ನೇಯ್ದ ಕುಡುಪಿನಲ್ಲಿ ಅವರ ಮನೆಯ ಅನ್ನ ಬಸಿಯುತ್ತದೆ. ಕುಡುಪಿಗೆ ಒಂದಿಷ್ಟು ನೀರು ಚಿಮುಕಿಸಿದರೆ ಮೈಲಿಗೆ ಹೋಯಿತು. ನನಗೆ ಎಷ್ಟು ನೀರು ಸುರಿದರೂ ಹೋಗುವುದಿಲ್ಲ.

ಧಣಿಗಳು ರಸ್ತೆಯಲ್ಲಿ ಬಂದರೆ ನಾವು ಬದಿಯ ಕಣಿಗೆ, ನೀರು ಹೋಗುವ ಚರಂಡಿಗೆ ಇಳಿಯಬೇಕು. ತಲೆಯ ಹೊರೆ ಕೆಳಗಿಡಬೇಕು. ಬೆನ್ನು ಬಗ್ಗಿಸಿ ಬಲಗೈಯಲ್ಲಿ ಬಾಯಿ ಮುಚ್ಚಬೇಕು. ನಮ್ಮ ಉಸಿರು ಅವರಿಗೆ ತಾಗಬಾರದು. ಮುಂದೆ ಬರುವ ಆಳು 'ಹೋ' ಎಂದು ಕೂಗಿದರೆ ಸಾಕು, ತಲೆಗೆ ತಿಳಿಯುವ ಮೊದಲು ಕಾಲು ಇಳಿದಿರುತ್ತದೆ. ಹೀಗೆಲ್ಲ ಮಾಡಿಸಬಾರದು ಎಂದು ಆಗಲೇ ಕಾನೂನು ಬಂದಿತ್ತಂತೆ. ನಮ್ಮ ಜಿಲ್ಲೆ ಮೈಸೂರಿಗೆ ಸೇರಿ ಎರಡು ವರ್ಷವೂ ಆಗಿತ್ತಂತೆ. ಪುಂಜಾಲಕಟ್ಟೆಗೆ ದಿನಕ್ಕೆ ಮೂರು ಬಸ್ಸು ಬರುತ್ತಿತ್ತು. ಕಾನೂನು ಯಾವ ಬಸ್ಸಿನಿಂದಲೂ ಇಳಿಯಲಿಲ್ಲ.

ಆ ಬೇಸಿಗೆಯಲ್ಲಿ ಸಿಡುಬು ಬಂತು. ವೇಣೂರಿನ ಕಡೆ ಒಂದು ಕೊಪ್ಪವೇ ಖಾಲಿಯಾಯಿತು ಎಂದು ಸುದ್ದಿ. ಸಿಡುಬಿನ ಮದ್ದು ಚುಚ್ಚಲು ಸರ್ಕಾರದ ಜನ ಬರುತ್ತಿದ್ದರು. ಗುತ್ತಿಗೆ ಬರುತ್ತಿದ್ದರು, ಶಾಲೆಗೆ ಬರುತ್ತಿದ್ದರು, ಪೇಟೆಗೆ ಬರುತ್ತಿದ್ದರು. ಕೊಪ್ಪಕ್ಕೆ ಬರುತ್ತಿರಲಿಲ್ಲ. ನಾವಾಗಿ ಹೋಗಿ ದೂರ ನಿಂತರೆ ಸಂಜೆಯವರೆಗೆ ನಿಲ್ಲಿಸಿ ಮದ್ದು ಮುಗಿಯಿತು ಎನ್ನುತ್ತಿದ್ದರು. ಹಿಂದಿನ ವರ್ಷವೂ ಮುಗಿದಿತ್ತು. ಅದರ ಹಿಂದಿನ ವರ್ಷವೂ ಮುಗಿದಿತ್ತು.

ಅವತ್ತು ನಾನು ಮದ್ದಿಗೆಂದು ಹೋದದ್ದಲ್ಲ. ಉಪ್ಪಿಗೆ ಹೋದದ್ದು. ಬುಟ್ಟಿ, ಗೆರಸೆ ಕೊಟ್ಟು ಉಪ್ಪು, ಒಣಮೀನು ತರುವುದು ನಮ್ಮ ಪದ್ಧತಿ. ಹೊರೆಯನ್ನು ತಲೆಗೆ ಏರಿಸಿ, ವರ್ಷ ತುಂಬಿದ ಮಗಳು ಐತೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಟೆ. ಮಗ ಬೂದನಿಗೆ ಆರು ವರ್ಷ. ನಾನೂ ಬರ್ತೇನೆ ಎಂದು ಹಿಂದೆಯೇ ಓಡಿ ಬಂದ. ಅರ್ಧ ದಾರಿಗೆ ಎತ್ತಿಕೋ ಅನ್ನುತ್ತಾನೆ. ಎತ್ತಿಕೊಳ್ಳಲು ನನಗೆ ಮೂರನೆಯ ಕೈ ಇಲ್ಲ. ಒಂದು ಸಣ್ಣ ಕಲ್ಲು ಎಸೆದು ಹೆದರಿಸಿದೆ. ಅವನು ಅಲ್ಲೇ ನಿಂತು ಅತ್ತ. ನಾನು ತಿರುಗಿ ನೋಡಲಿಲ್ಲ.

ಪುಂಜಾಲಕಟ್ಟೆಯಲ್ಲಿ ಮೂಸಾ ಬ್ಯಾರಿಯ ಚಹಾ ಅಂಗಡಿಯ ಎದುರು ಒಂದು ಕಟ್ಟೆ. ಕಟ್ಟೆಯ ಮೇಲೆ ಹೊಸ ಡಾಕ್ಟ್ರು ಕೂತಿದ್ದರು. ಅವರು ಡಾಕ್ಟ್ರಲ್ಲ, ಮದ್ದು ಚುಚ್ಚುವವರು. ಆದರೆ ಬಿಳಿ ಅಂಗಿ ಹಾಕಿ ಸೂಜಿ ಹಿಡಿದವರೆಲ್ಲ ನಮ್ಮ ಊರಿಗೆ ಡಾಕ್ಟ್ರು. ಎದುರು ಒಂದು ಮರದ ಪೆಟ್ಟಿಗೆ, ಒಂದು ಸಣ್ಣ ದೀಪ. ಕಬ್ಬಿಣದ ಸಣ್ಣ ಹಲ್ಲಿನ ಚಕ್ರವನ್ನು ದೀಪಕ್ಕೆ ಹಿಡಿದು, ಆರಿಸಿ, ಜನರ ತೋಳಿಗೆ ಒತ್ತಿ ತಿರುಗಿಸುತ್ತಿದ್ದರು. ನಾನು ಉಪ್ಪು, ಮೀನು ಕಟ್ಟಿಸಿಕೊಂಡು ಉಳಿದ ಬುಟ್ಟಿ ಹೊತ್ತು ಹೋಗುವಾಗ ಮಧ್ಯಾಹ್ನವಾಗಿತ್ತು. ಜನ ಕರಗಿದ್ದರು. ಕೇಳಿದರೆ ಮುಗಿಯಿತು ಅನ್ನುತ್ತಾರೆ ಎಂದು ಗೊತ್ತಿದ್ದರಿಂದ ನಾನು ಕೇಳಲೂ ಇಲ್ಲ.

"ಏ, ನಿಲ್ಲು. ಮಗುವಿಗೆ ಚುಚ್ಚಿಸಿದ್ದೀಯಾ?" ಅವರೇ ಕೇಳಿದರು.

ನಾನು ಇಲ್ಲ ಎಂದು ತಲೆ ಆಡಿಸಿದೆ.

"ಬಾ ಇಲ್ಲಿ."

ನಾನು ಹೋಗಲಿಲ್ಲ. ಚಹಾ ಅಂಗಡಿಯಿಂದ ಮೂಸಾ ಹೇಳಿದ, "ಡಾಕ್ಟ್ರೇ, ಅವಳು ಕೊರಗರವಳು. ನಿಮಗೆ ಗೊತ್ತಾಗ್ಲಿಲ್ಲ ಅಂತ ಕಾಣ್ತದೆ."

"ಸಿಡುಬಿಗೂ ಅದು ಗೊತ್ತಾಗುವುದಿಲ್ಲ ಕಾಕ."

ಮೂಸಾ ನಕ್ಕ. ನಮಾಜಿಗೆ ಹೊತ್ತಾಯಿತು ಎಂದು ಒಳಗೆ ಹೋದ. ಡಾಕ್ಟ್ರು ಪೆಟ್ಟಿಗೆ ಹಿಡಿದುಕೊಂಡು ಕಟ್ಟೆಯಿಂದ ಇಳಿದು ನನ್ನ ಹತ್ತಿರ ಬಂದರು. ನಾನು ಹಿಂದೆ ಸರಿದೆ. ಅವರು ಇನ್ನೂ ಮುಂದೆ ಬಂದರು. ಬಂದು ನನ್ನ ತೋಳನ್ನು ಹಿಡಿದರು. ಬರಿಗೈಯಲ್ಲಿ. ನನ್ನ ಮೈಯೆಲ್ಲ ಹೆದರಿ ಗಟ್ಟಿಯಾಯಿತು. ಆಮೇಲೆ ಆ ಮನುಷ್ಯ ತಲೆ ಎತ್ತದೆ, ತುಟಿ ಅಲ್ಲಾಡಿಸದೆ ಒಂದು ಮಾತು ಹೇಳಿದ. ಸ್ವಲ್ಪ ಉರಿಯುತ್ತದೆ, ತಡೆದುಕೋ ಎಂದ. ಕನ್ನಡದಲ್ಲಿ ಅಲ್ಲ. ತುಳುವಿನಲ್ಲಿ ಅಲ್ಲ. ನಮ್ಮ ಮಾತಿನಲ್ಲಿ.

ನಮ್ಮ ಮಾತು ನಮ್ಮ ಗುಡಿಸಲಿನ ಒಳಗೆ ಮಾತ್ರ. ಹೊರಗಿನವರ ಎದುರು ನಾವು ಅದನ್ನು ಆಡುವುದಿಲ್ಲ, ಅವರಿಗೆ ಕಲಿಸುವುದೂ ಇಲ್ಲ. ನಮ್ಮದು ಅಂತ ಇರುವುದು ಅದೊಂದೇ. ಅದನ್ನು ಬಿಳಿ ಅಂಗಿಯವನ ಬಾಯಿಂದ ಕೇಳಿ ನನಗೆ ಅಳು ಬಂತು. ಕಬ್ಬಿಣ ತಿರುಗಿಸಿದ್ದು ಗೊತ್ತೇ ಆಗಲಿಲ್ಲ.

"ನೀನು ಯಾರು?" ಎಂದು ಕೇಳಿದೆ. ಡಾಕ್ಟ್ರಿಗೆ ನೀನು ಅಂದೆ.

"ಕಾಗದದಲ್ಲಿ ಶೇಖರ. ಅಮ್ಮ ಕರೆಯುತ್ತಿದ್ದದ್ದು ತನಿಯ."

ಐತೆಯ ತೋಳಿಗೂ ಚುಚ್ಚಿದ. ಅವಳು ಕಿರುಚಿದಳು, ಕಿರುಚುತ್ತಲೇ ಅವನ ಬೆರಳು ಹಿಡಿದುಕೊಂಡಳು. ಅವನು ಬೆರಳು ಬಿಡಿಸಿಕೊಳ್ಳಲಿಲ್ಲ. ಇನ್ನೊಂದು ಕೈಯಲ್ಲಿ ನನ್ನ ಬುಟ್ಟಿಯ ಅಂಚನ್ನು ಸವರಿ ನೋಡಿದ. ಬೀಳನ್ನು ಮೂರು ಸುತ್ತು ಮಡಚಿ ಒಳಗೆ ತೂರಿಸುವ ಅಂಚು ಅದು.

"ನನ್ನ ಅಮ್ಮನೂ ಹೀಗೇ ಕಟ್ಟುತ್ತಿದ್ದಳು. ಈಗ ನನಗೆ ಬರುವುದಿಲ್ಲ."

"ಅಮ್ಮ ಇದ್ದಾಳಾ?"

"ಗೊತ್ತಿಲ್ಲ. ಹತ್ತು ವರ್ಷದವ ಇರುವಾಗ ದೂರದ ಊರಿನ ಬೋರ್ಡಿಂಗಿಗೆ ಸೇರಿಸಿದರು. ಶಾಲೆ ಕಲಿತೆ, ಕೆಲಸ ಸಿಕ್ಕಿತು. ತಿರುಗಿ ಹೋಗಲಿಲ್ಲ. ಹೋದರೆ ಯಾರ ಮಗ ಎಂದು ತಿಳಿಯುತ್ತದಲ್ಲ. ಹದಿನಾಲ್ಕು ವರ್ಷ ಆಯಿತು ಈ ಮಾತು ಆಡದೆ."

ನಾಚಿಕೆಯಿಂದ ಹೇಳಿದನೋ ಸಂಕಟದಿಂದ ಹೇಳಿದನೋ ಗೊತ್ತಿಲ್ಲ. ನನಗೆ ಅವನನ್ನು ಬೈಯಬೇಕು ಅನ್ನಿಸಲಿಲ್ಲ. ಊಟ ಆಯಿತಾ ಎಂದು ಕೇಳಬೇಕು ಅನ್ನಿಸಿತು. ಕೇಳಿದೆ ಕೂಡ. ಅವನು ಮುಖ ಒರೆಸಿಕೊಂಡ.

"ಕೊಪ್ಪದಲ್ಲಿ ಮಕ್ಕಳು ಎಷ್ಟು?"

"ಇವಳನ್ನು ಬಿಟ್ಟು ಹನ್ನೊಂದು. ಯಾರಿಗೂ ಚುಚ್ಚಿಲ್ಲ."

"ಇವತ್ತಿನ ಮದ್ದು ನಿಮ್ಮಿಬ್ಬರಿಗೆ ಆಗುವಷ್ಟೇ ಉಳಿದದ್ದು. ನಾಳೆ ಮೊದಲ ಬಸ್ಸಿಗೆ ಹೊಸತು ಬರ್ತದೆ. ಹಿಡಿದುಕೊಂಡು ನೇರ ನಿಮ್ಮಲ್ಲಿಗೇ ಬರ್ತೇನೆ. ಮಕ್ಕಳನ್ನು ಒಟ್ಟು ಮಾಡಿ ಇಡು. ದಾರಿ ಎಲ್ಲಿ ತಿರುಗುತ್ತದೆ, ತೋರಿಸು ಬಾ."

ಅವನು ಮುಂದೆ, ನಾನು ಹಿಂದೆ ಹತ್ತು ಮಾರು ದೂರದಲ್ಲಿ. ಬಿಸಿಲಿಗೆ ರಸ್ತೆಯಲ್ಲಿ ಯಾರೂ ಇರಲಿಲ್ಲ. ಅವನು ತಿರುಗಿ ನೋಡದೆ ಮಾತಾಡುತ್ತಾ ಹೋದ. ಮರೆತ ಮಾತುಗಳನ್ನು ಕೇಳಿದ. ಇದಕ್ಕೆ ನಾವು ಏನು ಅನ್ನುತ್ತೇವೆ, ಅದಕ್ಕೆ ಏನು ಅನ್ನುತ್ತೇವೆ. ನಾನು ಹೇಳಿದೆ. ಅವನು ಅದನ್ನೇ ಮೆಲ್ಲಗೆ ಮತ್ತೆ ಹೇಳಿಕೊಂಡ. ನನ್ನ ಜೀವಮಾನದಲ್ಲಿ ಅಷ್ಟು ಸಂತೋಷದಲ್ಲಿ ನಾನು ಆ ರಸ್ತೆಯಲ್ಲಿ ನಡೆದದ್ದಿಲ್ಲ.

ತಿರುವಿನ ಆಚೆಯಿಂದ ಕೂಗು ಕೇಳಿತು. ಹೋ.

ಅವನು ಕಣಿಗೆ ಇಳಿದ.

ನಾನಲ್ಲ, ಅವನು. ನನಗಿಂತ ಮೊದಲು ಇಳಿದ. ಇಸ್ತ್ರಿಯ ಅಂಗಿ, ಕಾಲಿಗೆ ಚಪ್ಪಲಿ, ಕಂಕುಳಲ್ಲಿ ಸರ್ಕಾರದ ಪೆಟ್ಟಿಗೆ. ನಾಚಿಕೆ ಮುಳ್ಳಿನ ನಡುವೆ ನಿಂತು ಬೆನ್ನು ಬಗ್ಗಿಸಿ ಬಲಗೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದ. ಹದಿನಾಲ್ಕು ವರ್ಷ ಬೆಂಚು, ಕುರ್ಚಿಯ ಮೇಲೆ ಕೂತವನ ಕಾಲು ಒಂದು ಕೂಗಿಗೆ ಇಳಿದಿತ್ತು. ಅವನಿಗೇ ಗೊತ್ತಾಗುವಾಗ ತಡವಾಗಿತ್ತು. ತಿರುವಿನಲ್ಲಿ ಭೋಜ ಧಣಿಗಳು ಕೊಡೆ ಹಿಡಿದು ನಿಂತಿದ್ದರು. ಅವರ ಮುಂದೆ ಆಳು ಚಿನ್ನಯ್ಯ ನಿಂತಿದ್ದ, ಕೈಯಲ್ಲಿ ಬೆತ್ತ.

ನಿನ್ನೆ ತಾನೇ ಗುತ್ತಿನ ಚಾವಡಿಯಲ್ಲಿ ಇದೇ ಡಾಕ್ಟ್ರನ್ನು ಕೂರಿಸಿ ಧಣಿಗಳು ಮೊಮ್ಮಕ್ಕಳಿಗೆಲ್ಲ ಚುಚ್ಚಿಸಿದ್ದರು. ಕಾಫಿ ಕೊಟ್ಟಿದ್ದರು. ಈಗ ಆ ಡಾಕ್ಟ್ರು ಕಣಿಯಲ್ಲಿ.

"ಎಂಥದು ಡಾಕ್ಟ್ರೇ, ಅಲ್ಲಿ ಯಾಕೆ ಇಳಿದಿರಿ?"

ಅವನು ಬಾಯಿಯಿಂದ ಕೈ ತೆಗೆದ. ಚಿನ್ನಯ್ಯ ಅವನ ಕಾಲು ನೋಡಿದ, ಬೆನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ಚಿನ್ನಯ್ಯ ಧಣಿಗಳಷ್ಟು ದಡ್ಡನಲ್ಲ. ಇನ್ನೊಂದು ಗಳಿಗೆ ಬಿಟ್ಟರೆ ಎಲ್ಲ ಮುಗಿಯುತ್ತಿತ್ತು. ನಿನ್ನೆ ಮುಟ್ಟಿಸಿಕೊಂಡ ಮಕ್ಕಳ ಲೆಕ್ಕಕ್ಕೆ ಇವನ ಕೈ ಮುರಿಯುತ್ತಿದ್ದರು. ಕೈ ಮುರಿದರೆ ನಾಳೆ ಮದ್ದು ಇಲ್ಲ.

ನನ್ನ ಒಂದು ಕಾಲು ಆಗಲೇ ಕಣಿಯಲ್ಲಿತ್ತು. ಅದನ್ನು ಮೇಲೆ ಎಳೆದುಕೊಂಡೆ. ರಸ್ತೆಯ ನಡುವೆ ಬಂದು ನಿಂತೆ. ಹೊರೆ ತಲೆಯ ಮೇಲೆಯೇ ಇತ್ತು.

"ನಾನು ದಾರಿ ಬಿಡ್ಲಿಲ್ಲ. ಅದಕ್ಕೆ ಅವರು ಇಳಿದದ್ದು. ಮೈಲಿಗೆ ಆಗ್ತದಲ್ಲ ಅವರಿಗೆ."

ಧಣಿಗಳಿಗೆ ಮೊದಲು ನನ್ನ ಮಾತು ಅರ್ಥವೇ ಆಗಲಿಲ್ಲ. ಕೊರಗರವಳು ದಾರಿ ಬಿಡಲಿಲ್ಲ ಎಂಬ ಮಾತು ಅವರ ಕಿವಿಗೆ ಅದುವರೆಗೆ ಬಿದ್ದದ್ದಿಲ್ಲ.

"ಏನು ಹೇಳಿದೆ?"

"ನಿಮಗೂ ಬಿಡುವುದಿಲ್ಲ."

ಇದನ್ನು ಹೇಳಬೇಕಾಗಿರಲಿಲ್ಲ. ಅವನನ್ನು ಉಳಿಸಲು ಮೊದಲಿನ ಮಾತೇ ಸಾಕಿತ್ತು. ಎರಡನೆಯದು ನನ್ನದು. ಅದು ಎಷ್ಟು ವರ್ಷದಿಂದ ಒಳಗಿತ್ತೋ, ದಾರಿ ಸಿಕ್ಕಿದಾಗ ಬಂತು.

ಹೊರೆ ಇಳಿಸಿದೆ. ಒಂದು ಬುಟ್ಟಿಯೊಳಗೆ ಐತೆಯನ್ನು ಕೂರಿಸಿ ಬದಿಗೆ ಸರಿಸಿದೆ. ಪೆಟ್ಟು ಬೀಳುವ ಮೊದಲು ಮಗುವನ್ನು ಎಲ್ಲಿ ಇಡಬೇಕು ಎಂಬುದೆಲ್ಲ ನಮಗೆ ಗೊತ್ತುಂಟು. ಚಿನ್ನಯ್ಯನ ಬೆತ್ತ ಬೆನ್ನಿಗೆ ಬಿತ್ತು, ಕಾಲಿಗೆ ಬಿತ್ತು. ಬಿದ್ದೆ. ಬಿದ್ದಲ್ಲಿಗೂ ಬಿತ್ತು. ಉಪ್ಪು ಮಣ್ಣಿಗೆ ಚೆಲ್ಲಿತು. ಹದಿನೈದು ದಿನ ನೇಯ್ದ ಬುಟ್ಟಿಗಳನ್ನು ಕಾಲಲ್ಲಿ ತುಳಿದ. ಅಂಚು ಕಟ್ಟುವಾಗ ಬೆರಳು ಒಡೆಯುತ್ತದೆ, ಅದು ತುಳಿಯುವವನಿಗೆ ಗೊತ್ತಿಲ್ಲ.

ಆಮೇಲೆ ಧಣಿಗಳು ಬೆತ್ತವನ್ನು ಚಿನ್ನಯ್ಯನಿಂದ ತೆಗೆದುಕೊಂಡು, ಕಣಿಯಿಂದ ಮೇಲೆ ಬಂದ ತನಿಯನ ಕಡೆ ಚಾಚಿದರು.

"ನಿಮ್ಮನ್ನು ಕಣಿಗೆ ಇಳಿಸಿದ್ದಲ್ಲವಾ ಇವಳು. ನೀವೂ ಎರಡು ಬಿಡಿ ಡಾಕ್ಟ್ರೇ. ಇಲ್ಲದಿದ್ರೆ ಇವರಿಗೆ ಬುದ್ಧಿ ಬರುವುದಿಲ್ಲ."

"ಬೇಡ. ನನಗೆ ಅಭ್ಯಾಸ ಇಲ್ಲ."

ಚಿನ್ನಯ್ಯ ಧಣಿಗಳ ಕಿವಿಗೆ ಕೇಳುವಷ್ಟೇ ಹೇಳಿದ. ನನಗೂ ಕೇಳಿತು. "ಡಾಕ್ಟ್ರು ಯಾವ ಜಾತಿ ಧಣಿಗಳೇ? ಮನೆಯೊಳಗೆ ಬಿಡುವಾಗ ಕೇಳಿದ್ದೀರಾ?"

ಧಣಿಗಳ ಹುಬ್ಬು ಮೇಲೆ ಹೋಯಿತು. ತನಿಯನ ಮುಖ ಬೂದಿಯಾಗಿತ್ತು. ಧಣಿಗಳು ಕೈಗೆ ತುರುಕಿದ ಬೆತ್ತ ಹಿಡಿದುಕೊಂಡಿದ್ದ, ಎತ್ತುತ್ತಿರಲಿಲ್ಲ. ನಾನು ನೆಲದ ಮೇಲೆ ಬಿದ್ದುಕೊಂಡೇ ಕಿರುಚುವವಳ ಹಾಗೆ ಕಿರುಚಿದೆ. ನಮ್ಮ ಮಾತಿನಲ್ಲಿ ಕಿರುಚಿದೆ. ಅವರಿಗೆ ಅದು ಕೊರಗರವಳ ಗೋಳಾಟ.

"ಹೊಡೆ. ಹೊಡೆದು ಹೋಗು. ನಾಳೆ ಬಾ."

ಅವನು ಹೊಡೆದ. ಒಂದು ಹೆಗಲಿಗೆ ಬಿತ್ತು. ಇನ್ನೊಂದು ತೋಳಿಗೆ ಬಿತ್ತು, ಅರ್ಧ ಗಂಟೆಯ ಹಿಂದೆ ಅವನೇ ಮದ್ದು ಹಾಕಿದ ತೋಳಿಗೆ. ಮೆಲ್ಲಗೆ ಹೊಡೆದ ಎಂದು ನಾನು ಸುಳ್ಳು ಹೇಳುವುದಿಲ್ಲ. ಮೆಲ್ಲಗೆ ಹೊಡೆದಿದ್ದರೆ ಚಿನ್ನಯ್ಯನಿಗೆ ಗೊತ್ತಾಗುತ್ತಿತ್ತು. ಗಟ್ಟಿಯಾಗಿಯೇ ಹೊಡೆದ. ತೋಳಿನಿಂದ ರಕ್ತ ಬಂತು.

"ಇನ್ನು ಸಾಕು. ಬನ್ನಿ, ಮನೆಯಲ್ಲಿ ಸೀಯಾಳ ಕುಡಿದು ಹೋಗುವ," ಎಂದರು ಧಣಿಗಳು. ಚಿನ್ನಯ್ಯ ಮುಂದೆ, ಧಣಿಗಳು ನಡುವೆ, ಅವನು ಹಿಂದೆ. ಹೋದರು.

ಕೊಪ್ಪಕ್ಕೆ ಬಂದು ಗಂಡ ಗುರುವನಿಗೆ ಧಣಿಗಳ ಪೆಟ್ಟು ಎಂದಷ್ಟೇ ಹೇಳಿದೆ. ತನಿಯನ ಹೆಸರು ಹೇಳಲಿಲ್ಲ. ಬೆಳಿಗ್ಗೆ ಡಾಕ್ಟ್ರು ಬರ್ತಾರೆ ಎಂದು ಮನೆಮನೆಗೆ ಹೇಳಿದೆ. ಯಾರೂ ನಂಬಲಿಲ್ಲ. ನನ್ನ ಮತ್ತು ಐತೆಯ ತೋಳು ತೋರಿಸಿದೆ. ಆಗ ನಂಬಿದರು.

ಬೆಳಗಾಗುವ ಮೊದಲು ತೋಡಿನಿಂದ ನೀರು ತಂದು ಹನ್ನೊಂದು ಮಕ್ಕಳ ಕೈಕಾಲು ತಿಕ್ಕಿದೆವು. ನನಗೆ ಬಗ್ಗಲು ಆಗುತ್ತಿರಲಿಲ್ಲ, ಕೂತು ತಿಕ್ಕಿದೆ. ಸಾಲಾಗಿ ಕೂರಿಸಿದೆವು. ಬೂದ ಎಲ್ಲರಿಗಿಂತ ಮುಂದೆ ಕೂತ. ನಿನ್ನೆ ನನ್ನನ್ನು ಬಿಟ್ಟು ಹೋದೆಯಲ್ಲ, ಇವತ್ತು ನನಗೇ ಮೊದಲು ಎಂದ. ತೋಳನ್ನು 'ಇಗೋ' ಎನ್ನುವಂತೆ ಮುಂದೆ ಚಾಚಿಕೊಂಡೇ ಇದ್ದ. ನೋಯುತ್ತದೆ, ಇಳಿಸು ಎಂದರೂ ಇಳಿಸಲಿಲ್ಲ.

ಮೊದಲ ಬಸ್ಸಿನ ಹಾರ್ನ್ ಕೇಳಿತು. ಈಗ ಬರ್ತಾರೆ ಎಂದೆ. ಎರಡನೆಯ ಬಸ್ಸಿನದೂ ಕೇಳಿತು. ಮಕ್ಕಳು ಎದ್ದು ಹೋದರು, ಕರೆದು ಕೂರಿಸಿದೆ. ಸಂಜೆಯ ಬಸ್ಸೂ ಹೋಯಿತು. ಬೂದ ಕೂತಲ್ಲೇ ನಿದ್ದೆ ಹೋಗಿದ್ದ.

ಮರುದಿನ ಕುಂಟುತ್ತಾ ಪುಂಜಾಲಕಟ್ಟೆಗೆ ಹೋದೆ. ಕಟ್ಟೆ ಖಾಲಿ. ಮೂಸಾ ಹೊರಗೆ ಬಂದ.

"ಅವರು ಮೊನ್ನೆ ಸಂಜೆಯ ಬಸ್ಸಿಗೇ ಬಂಟ್ವಾಳಕ್ಕೆ ಹೋದ್ರು. ಇನ್ನೂ ಎರಡು ದಿನದ ಕೆಲಸ ಉಂಟು ಅಂದಿದ್ರು. ಗುತ್ತಿನಿಂದ ಬಂದವರೇ ಈ ಕಟ್ಟೆಯ ಹಿಂದೆ ಕಾರಿದ್ರು. ನೀರು ಕೊಟ್ಟೆ. ಬಸ್ಸಿನಲ್ಲಿ ಕೂತು ಅಳ್ತಾ ಇದ್ರು ಮಾರಾಯ್ತಿ. ಏನಾಗಿತ್ತೋ."

"ಅಳಲಿ," ಎಂದೆ.

ಅಲ್ಲಿಂದಲೇ ಬಂಟ್ವಾಳಕ್ಕೆ ನಡೆದೆ. ನಮ್ಮನ್ನು ಬಸ್ಸಿಗೆ ಹತ್ತಿಸುವುದಿಲ್ಲ. ಬಿಸಿಲು ಇಳಿಯುವಾಗ ತಲುಪಿದೆ. ಸರ್ಕಾರದ ಒಂದು ಕಟ್ಟಡದ ಕಿಟಕಿಯ ಕೆಳಗೆ ನಿಂತು ಕೂಗಿ ಕೇಳಿದೆ. ಒಳಗಿದ್ದವನು ಇಣುಕಿದ.

"ಶೇಖರನಾ? ರಜೆ ಬರೆದುಕೊಟ್ಟು ಹೋಗಿದ್ದಾನೆ. ನೀನು ಅವನಿಗೆ ಏನಾಗಬೇಕು?"

ನಾನು ಅವನಿಗೆ ಏನಾಗಬೇಕು. ಹೇಳಿದರೆ ಅವನ ಕೆಲಸ ಹೋಗುತ್ತದೆ. ಏನೂ ಇಲ್ಲ ಎಂದೆ. ನಮ್ಮ ಕೊಪ್ಪಕ್ಕೆ ಬೇರೆ ಯಾರನ್ನಾದರೂ ಕಳಿಸಿ ಎಂದೆ. ಅವನು ಒಂದು ಪುಸ್ತಕ ತೆರೆದು ನೋಡಿದ.

"ಆ ಗ್ರಾಮದ್ದು ಪೂರ್ತಿ ಆಗಿದೆ. ಗುತ್ತಿನವರ ಸಹಿ ಉಂಟು."

ಹನ್ನೆರಡು ದಿನ ಕಳೆದು ಕೊಪ್ಪದಲ್ಲಿ ಮೊದಲ ಜ್ವರ ಬಂತು. ಚಿನ್ನಯ್ಯ ನಮ್ಮ ದಾರಿಗೆ ಮುಳ್ಳು ಎಳೆಸಿದ. ಯಾರೂ ಹೊರಗೆ ಬರಬಾರದು, ಅಕ್ಕಿ ನಾವೇ ಎಸೆಯುತ್ತೇವೆ ಎಂದ. ಎರಡು ಸಲ ಎಸೆದರು. ಆಮೇಲೆ ಮರೆತರು. ಎಲ್ಲರೂ ಮಲಗಿದರು. ಎದ್ದು ಓಡಾಡುವವಳು ನಾನೊಬ್ಬಳು, ಆಡುವವಳು ಐತೆಯೊಬ್ಬಳು. ಎಲ್ಲ ಗುಡಿಸಲಿಗೂ ನಾನೇ ನೀರು ಕೊಟ್ಟೆ. ಹೆಣಗಳನ್ನೂ ನಾನೇ ಎಳೆದೆ.

ಬೂದನನ್ನು ಬಾಳೆ ಎಲೆಯ ಮೇಲೆ ಮಲಗಿಸಿದ್ದೆ. ಬೇರೆ ಯಾವುದರ ಮೇಲೆ ಮಲಗಿಸಿದರೂ ಚರ್ಮ ಅಂಟುತ್ತಿತ್ತು. ಎತ್ತಿಕೋ ಎಂದ. ಎತ್ತಿಕೊಂಡರೆ ಮುಟ್ಟಿದಲ್ಲೆಲ್ಲ ನೋವು, ಕಿರುಚಿದ. ಇಳಿಸಿದೆ. ಎತ್ತಿಕೋ ಎಂದ. ಆರು ದಿನ ಹೀಗೇ. ಏಳನೆಯ ದಿನ ಎತ್ತಿಕೊಂಡಾಗ ಕಿರುಚಲಿಲ್ಲ.

ಹನ್ನೊಂದರಲ್ಲಿ ನಾಲ್ಕು ಮಕ್ಕಳು ಉಳಿದವು. ಗುರುವ ಉಳಿದ, ಒಂದು ಕಣ್ಣು ಹೋಯಿತು. ಗುತ್ತಿನಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. ತನಿಯನ ಕೈಯ ಮದ್ದು ಒಳ್ಳೆಯದಿತ್ತು. ಬಹಳ ಮರ್ಯಾದೆಯ ಡಾಕ್ಟ್ರು ಎಂದು ಧಣಿಗಳು ಪೇಟೆಯಲ್ಲಿ ಹೊಗಳುತ್ತಿದ್ದರಂತೆ.

ಅವನು ಹೊಡೆದದ್ದಕ್ಕೆ ನನಗೆ ಸಿಟ್ಟಿಲ್ಲ. ಹೊಡೆ ಎಂದವಳೇ ನಾನು. ಬಾರದೆ ಹೋದದ್ದಕ್ಕೆ ಸಿಟ್ಟು ಉಂಟು, ಸಾಯುವವರೆಗೂ ಇರುತ್ತದೆ. ನನ್ನ ಮುಖ ನೋಡಲು ಅವನಿಗೆ ನಾಚಿಕೆಯಾಗಿರಬೇಕು. ಆ ನಾಚಿಕೆಯನ್ನು ನುಂಗಿ ಬರಬಹುದಿತ್ತು. ಹನ್ನೊಂದು ತೋಳು ಕಾಯುತ್ತಿದ್ದವು. ಆದರೆ ಅವನಿಗೆ ಬೆತ್ತ ಕೊಟ್ಟವರಿಗೆ ನಾಚಿಕೆಯೂ ಆಗಲಿಲ್ಲ. ಅವರು ಸೀಯಾಳ ಕುಡಿದರು.

ಮಳೆಗೆ ಮುಂಚೆ ಉಪ್ಪಿಗೆ ಮತ್ತೆ ಹೋಗಬೇಕಾಯಿತು. ಬುಟ್ಟಿ ತಲೆಯಲ್ಲಿ, ಐತೆ ಸೊಂಟದಲ್ಲಿ. ಅದೇ ತಿರುವಿನಲ್ಲಿ ಕೂಗು ಕೇಳಿತು. ನಾನು ರಸ್ತೆಯ ನಡುವೆ ನಿಂತೆ ಎಂದು ಹೇಳಿದರೆ ನಿಮಗೆ ಕೇಳಲು ಚೆಂದ. ನಿಲ್ಲಬೇಕು ಅಂತಲೇ ಇದ್ದೆ. ಇಳಿದೆ. ನನ್ನ ಮಕ್ಕಳಲ್ಲಿ ಉಳಿದದ್ದು ಇವಳೊಬ್ಬಳು, ಇವಳನ್ನು ಸಾಕಬೇಕಲ್ಲ. ಹೊರೆ ಇಟ್ಟೆ, ಬಗ್ಗಿದೆ, ಬಾಯಿ ಮುಚ್ಚಿದೆ.

ಐತೆ ನನ್ನ ಮುಖ ನೋಡಿದಳು. ನೋಡಿ, ತನ್ನ ಬಲಗೈಯನ್ನು ತಾನೂ ಬಾಯಿಯ ಮೇಲೆ ಇಟ್ಟುಕೊಂಡಳು. ನಾನು ಆ ಕೈಯನ್ನು ಎಳೆದು ತೆಗೆದೆ. ಅವಳು ಮತ್ತೆ ಇಟ್ಟಳು.